ಗುಂಯ್ ಎನ್ನುವ ಗಾಲಿ, ಕೇಳಿಸಿಕೊಳ್ಳದ ಕಿವಿ!

ದಾವಣಗೆರೆ: ‘ಚಾಲಕನ ನಿಯಂತ್ರಣ ತಪ್ಪಿ ಲಾರಿ ಪಲ್ಟಿ’. ಈ ಸಾಲು ಓದದ ಪತ್ರಿಕೆ ಓದುಗ ಈ ಜಿಲ್ಲೆಯಲ್ಲಿ ಇರಲಾರ. ಓದಿದವರು ‘ಕುಡಿದಿದ್ನೇನೋ’, ‘ನಿದ್ದೆ ಹತ್ತಿತ್ತೇನೋ’ ಎಂದು ಪುಟ ಮಗುಚುತ್ತಾರೆ. ಕುಡಿತವೂ ಇರಬಹುದು, ನಿದ್ದೆಯೂ ಇರಬಹುದು. ಆದರೆ ಅಲ್ಲಿ ಹತೋಟಿ ತಪ್ಪಿದ್ದು ಚಾಲಕನೋ ಅಥವಾ ಮುಂದಿನ ಗಾಲಿಯೋ ಎಂದು ಕೇಳುವವರು ಎಷ್ಟು ಮಂದಿ?

ಹೇಳಿ ಕೇಳಿ ದಾವಣಗೆರೆ ಲಾರಿಗಳ ಊರು. ಮೆಕ್ಕೆಜೋಳ, ಭತ್ತ, ಅಕ್ಕಿ, ಮಂಡಕ್ಕಿ, ಸಿಮೆಂಟು, ಕಬ್ಬಿಣ ಎಲ್ಲವೂ ಬರುವುದು ಹೋಗುವುದು ಲಾರಿಯ ಮೇಲೆ. ಮೊದಲು ಎನ್.ಎಚ್. 4 ಎನಿಸಿಕೊಂಡಿದ್ದ ಪೂನಾ-ಬೆಂಗಳೂರು ಹೆದ್ದಾರಿ ಈಗ ಎನ್.ಎಚ್. 48. ನಂಬರು ಬದಲಾಯಿತು, ರಸ್ತೆ ಅಗಲವಾಯಿತು, ಲಾರಿಗಳ ವೇಗವೂ ಹೆಚ್ಚಿತು. ಆದರೆ ಲಾರಿಯ ಮುಂದಿನ ಗಾಲಿಯ ಒಳಗೆ ಏನಿದೆ, ಅದು ಕೆಟ್ಟರೆ ಹೇಗೆ ಗೊತ್ತಾಗುತ್ತದೆ ಎನ್ನುವ ತಿಳುವಳಿಕೆ ಮಾತ್ರ ಗ್ಯಾರೇಜಿನ ಬಾಗಿಲು ದಾಟಿ ಹೊರಗೆ ಬಂದಿಲ್ಲ. ಲಾರಿ ಮಾಲೀಕರಲ್ಲೂ ಎಷ್ಟೋ ಮಂದಿಗೆ ಇಂಜಿನ್ ಆಯಿಲ್ ಗೊತ್ತು, ಟೈರು ಗೊತ್ತು, ಡೀಸೆಲ್ ಲೆಕ್ಕವಂತೂ ಬಾಯಿಪಾಠ. ವೀಲ್ ಬೇರಿಂಗ್ ಎಂದರೆ ‘ಅದೇನ್ರೀ, ಕಿರುಗುಟ್ಟಿದ್ರೆ ನೋಡಿದ್ರಾಯ್ತು’ ಎನ್ನುವ ಧೋರಣೆ.

ಕಿರುಗುಟ್ಟುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ ಎನ್ನುವುದೇ ಇಲ್ಲಿರುವ ಫಜೀತಿ.

ಕಡಾಣಿಯ ಮೊಮ್ಮಗ

ಹಳ್ಳಿಯ ಕಡೆಯಿಂದ ಬಂದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಎತ್ತಿನ ಗಾಡಿಗೆ ಅಚ್ಚು, ಅಚ್ಚಿನ ತುದಿಗೆ ಚಕ್ರ, ಚಕ್ರ ಕಳಚದಂತೆ ಕಡಾಣಿ. ಅಚ್ಚಿಗೂ ಗುಂಬಕ್ಕೂ ನಡುವೆ ಕೀಲೆಣ್ಣೆ. ಗಾಡಿಯ ಅಡಿಯಲ್ಲಿ ಒಂದು ಗೊಟ್ಟದಲ್ಲಿ ಕೀಲೆಣ್ಣೆ ನೇತಾಡುತ್ತಿತ್ತು. ದೂರದ ಊರಿಗೆ ಹೊರಡುವ ಮುಂಚೆ ಚಕ್ರಕ್ಕೆ ಕೀಲೆಣ್ಣೆ ಹಾಕದ ರೈತನನ್ನು ಊರವರೇ ಬೈಯುತ್ತಿದ್ದರು.

ಲಾರಿಯ ಮುಂದಿನ ಗಾಲಿಯೂ ಅದೇ ವಂಶದ್ದು. ಅಚ್ಚಿನ ಜಾಗದಲ್ಲಿ ಸ್ಟಬ್ ಆಕ್ಸಲ್ ಎನ್ನುವ ಉಕ್ಕಿನ ಗೂಟ. ಗುಂಬದ ಜಾಗದಲ್ಲಿ ಹಬ್. ಕಡಾಣಿಯ ಜಾಗದಲ್ಲಿ ದೊಡ್ಡ ನಟ್ಟು, ಅದು ತಿರುಗಿ ಬಿಚ್ಚಿಕೊಳ್ಳದಂತೆ ಲಾಕ್ ವಾಷರ್ ಅಥವಾ ಸ್ಪ್ಲಿಟ್ ಪಿನ್. ಹಬ್ಬಿನ ಒಳಗೆ ಎರಡು ಬೇರಿಂಗು. ಒಳಬದಿಯದು ದೊಡ್ಡದು, ಹೊರಬದಿಯದು ಚಿಕ್ಕದು. ಎರಡರಲ್ಲೂ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುವ ರೋಲರುಗಳು. ಇದನ್ನೇ ಟೇಪರ್ ರೋಲರ್ ಬೇರಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಕುದುರೆಗಾಡಿ ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ನೇರವಾಗಿ ಮೇಲಿನಿಂದ ಬೀಳುವ ಭಾರವನ್ನೂ, ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಭಾರವನ್ನೂ ಒಟ್ಟಿಗೆ ಹೊರುವುದು ಇದರ ಗುಣ. ಆದ್ದರಿಂದಲೇ ಇಂದಿಗೂ ಲಾರಿ ಬಸ್ಸುಗಳ ಗಾಲಿಯಲ್ಲಿ ಇದರದೇ ಕಾರುಬಾರು.

ಈ ಬೇರಿಂಗು ಪಡುವ ಪಾಡು ಸಣ್ಣದಲ್ಲ. ಲಾರಿಯ ಟೈರು ಒಂದು ಸುತ್ತು ಸುತ್ತಿದರೆ ಸುಮಾರು 3.3 ಮೀಟರು. ಒಂದು ಕಿಲೋಮೀಟರಿಗೆ 300 ಸುತ್ತು. ದಾವಣಗೆರೆಯಿಂದ ಬೆಂಗಳೂರಿನ ಸುಮಾರು 260 ಕಿಲೋಮೀಟರಿಗೆ ಹತ್ತಿರ ಹತ್ತಿರ 80,000 ಸುತ್ತು! ಅಷ್ಟೂ ಸುತ್ತು ಟನ್ನುಗಟ್ಟಲೆ ಭಾರ ಹೊತ್ತುಕೊಂಡೇ. ಅದಕ್ಕೆ ಸಿಗುವ ಅನ್ನ ಒಂದೇ, ಗ್ರೀಸು. ಅದೂ ಸರಿಯಾಗಿ ಸಿಗದಿದ್ದರೆ?

ಮೊದಲು ಸದ್ದು

ಬೇರಿಂಗು ಒಂದೇ ದಿನಕ್ಕೆ ಕೈ ಕೊಡುವುದು ಅಪರೂಪ. ಮೊದಲು ಅದು ಸದ್ದು ಮಾಡುತ್ತದೆ. ಆರಂಭದಲ್ಲಿ ದುಂಬಿ ಗುಂಯ್‌ಗುಟ್ಟಿದ ಹಾಗೆ ಸಣ್ಣ ಸದ್ದು. ವೇಗ ಹೆಚ್ಚಿದಂತೆ ಸದ್ದೂ ಏರುತ್ತದೆ, ವೇಗ ಇಳಿದರೆ ಇಳಿಯುತ್ತದೆ. ಇಂಜಿನ್ ಸದ್ದಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಅದೇ ವೇಗದಲ್ಲಿ ಗೇರು ಬದಲಿಸಿದರೆ ಇಂಜಿನ್ ದನಿ ಬದಲಾಗುತ್ತದೆ. ಬೇರಿಂಗಿನ ದನಿ ಬದಲಾಗುವುದಿಲ್ಲ, ಅದಕ್ಕೆ ಗೇರಿನ ಹಂಗಿಲ್ಲ.

ಟೈರಿನ ಸದ್ದೂ ಹೀಗೆಯೇ ಇರುತ್ತದಲ್ಲ ಎಂದು ಕೇಳಬಹುದು. ಟೈರಿನ ಸದ್ದು ರಸ್ತೆಗೆ ತಕ್ಕಂತೆ ಬದಲಾಗುತ್ತದೆ. ಡಾಂಬರಿನ ಮೇಲೆ ಒಂದು, ಕಾಂಕ್ರೀಟಿನ ಮೇಲೆ ಇನ್ನೊಂದು. ಬೇರಿಂಗಿನ ಸದ್ದಿಗೆ ಯಾವ ರಸ್ತೆಯಾದರೂ ಒಂದೇ.

ಇನ್ನೊಂದು ಗುರುತು ತಿರುವಿನಲ್ಲಿ ಸಿಗುತ್ತದೆ. ಲಾರಿ ಬಲಕ್ಕೆ ತಿರುಗಿದಾಗ ಭಾರ ಎಡಗಾಲಿಯ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಎಡಗಾಲಿಯ ಮೇಲೆ ಗುಮಾನಿ. ಎಡಕ್ಕೆ ತಿರುಗಿದಾಗ ಜೋರಾದರೆ ಬಲಗಾಲಿಯ ಮೇಲೆ. ಹಳೆಯ ಡ್ರೈವರುಗಳು ಇಷ್ಟರಿಂದಲೇ ‘ಲೆಫ್ಟ್ ಫ್ರಂಟ್ ಹೋಗೈತೆ ನೋಡ್ರಿ’ ಎಂದು ಮಿಸ್ತ್ರಿಗೆ ಹೇಳಿಬಿಡುತ್ತಾರೆ.

ಗುಂಯ್ ಎನ್ನುವುದು ಗೊರಗೊರ ಆದರೆ ರೋಲರಿನ ಮೈಯಿಂದ ಚಕ್ಕೆ ಏಳುತ್ತಿದೆ ಎಂದರ್ಥ. ಗೊರಗೊರ ಕಟಕಟ ಆದರೆ ಮುಂದಿನ ಊರಿನವರೆಗೆ ಹೋಗೋಣ ಎನ್ನುವ ಮಾತೇ ಇಲ್ಲ, ಲಾರಿ ಅಲ್ಲೇ ರಸ್ತೆ ಬದಿಗೆ ನಿಲ್ಲಬೇಕು. ಆದರೆ ಆಗುತ್ತಿರುವುದೇನು? ಕ್ಯಾಬಿನ್ನಿನಲ್ಲಿ ಟೇಪು, ಈಚೆಗೆ ಮೊಬೈಲು, ಹಾಡು ಜೋರು. ಗಾಲಿ ತನ್ನ ಪಾಡು ತಾನು ಹೇಳಿಕೊಳ್ಳುತ್ತಿದ್ದರೆ ಕೇಳುವವರಾರು?

ಆಮೇಲೆ ಬಿಸಿ, ಆಮೇಲೆ ವಾಸನೆ

ಲಾರಿ ನಿಂತ ಕಡೆಯೆಲ್ಲ ಕ್ಲೀನರ್ ಕೈಯಲ್ಲಿ ಜಾಕ್ ರಾಡು ಹಿಡಿದು ಟೈರುಗಳಿಗೆ ಬಡಿಯುತ್ತ ಒಂದು ಸುತ್ತು ಬರುವುದನ್ನು ಎಲ್ಲರೂ ನೋಡಿದ್ದಾರೆ. ಟಣ್ ಎಂದರೆ ಗಾಳಿ ಸರಿ, ದಬ್ ಎಂದರೆ ಪಂಕ್ಚರ್. ಒಳ್ಳೆಯ ಪದ್ಧತಿ. ಅದೇ ಸುತ್ತಿನಲ್ಲಿ ಇನ್ನೊಂದು ಕೆಲಸ ಮಾಡಿದರೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಮುಂದಿನ ಎರಡು ಹಬ್ಬುಗಳ ಹತ್ತಿರ ಅಂಗೈ ಒಡ್ಡಿ ಬಿಸಿ ನೋಡುವುದು. ಮುಟ್ಟಬಾರದು, ಸುಟ್ಟೀತು, ಹತ್ತಿರ ಹಿಡಿದರೆ ಸಾಕು. ಎರಡೂ ಒಂದೇ ಸಮ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಬೆಚ್ಚಗೆ, ಇನ್ನೊಂದು ಕೆಂಡ ಎಂದರೆ ಏನೋ ಎಡವಟ್ಟಾಗಿದೆ.

ಬ್ರೇಕು ಹಿಡಿದುಕೊಂಡು ಬಿಡದಿದ್ದರೂ ಗಾಲಿ ಬಿಸಿಯಾಗುತ್ತದೆ ಎನ್ನುವುದು ನಿಜ. ಹಾಗಿದ್ದಾಗ ಡ್ರಮ್ಮು ಹೆಚ್ಚು ಕಾದಿರುತ್ತದೆ, ಬ್ರೇಕ್ ಲೈನಿಂಗ್ ಸುಟ್ಟ ವಾಸನೆ ಬರುತ್ತದೆ. ಬೇರಿಂಗಿನದಾದರೆ ನಡುವಿನ ಹಬ್ ಕ್ಯಾಪ್ ಕಾದಿರುತ್ತದೆ, ಗ್ರೀಸು ಸುಟ್ಟ ವಾಸನೆ. ಯಾವುದೇ ಇರಲಿ, ಎರಡೂ ಗ್ಯಾರೇಜಿಗೆ ಹೋಗುವ ಕೇಸೇ.

ಕೆಲವು ಕ್ಲೀನರುಗಳು ಕಾದ ಹಬ್ಬಿಗೆ ಬಕೆಟ್ ನೀರು ಸುರಿದು ‘ತಣ್ಣಗಾತು ಉಸ್ತಾದ್, ಹೋಗೋಣ’ ಎನ್ನುತ್ತಾರೆ. ಕಾದ ಉಕ್ಕಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಅಪಾಯವಿದೆ. ಸವೆದ ಸೀಲಿನ ಸಂದಿನಿಂದ ನೀರು ಒಳಗೆ ಹೋದರೆ ಗ್ರೀಸು ಕೆಟ್ಟು ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಹಳ್ಳದ ನೀರಿನಲ್ಲಿ ಹಬ್ ಮುಳುಗುವಷ್ಟು ಇಳಿದು ಬಂದ ಲಾರಿಗೂ ಇದೇ ಗತಿ. ಅಂಥ ಲಾರಿಯ ಹಬ್ ಬಿಚ್ಚಿ ಹೊಸ ಗ್ರೀಸು ತುಂಬುವುದು ಕ್ಷೇಮ.

ಗಾಲಿಯ ಒಳಬದಿಯನ್ನೂ ಬಗ್ಗಿ ನೋಡಬೇಕು. ಅಲ್ಲಿ ಗ್ರೀಸು ಸೋರಿ ಕರ್ರಗೆ ಮೆತ್ತಿಕೊಂಡಿದ್ದರೆ ಆಯಿಲ್ ಸೀಲ್ ಹೋಗಿದೆ. ಅದರಿಂದ ಎರಡು ನಷ್ಟ. ಬೇರಿಂಗಿಗೆ ಇರಬೇಕಾದ ಗ್ರೀಸು ಖಾಲಿ. ಖಾಲಿಯಾದದ್ದು ಹೋಗಿ ಕೂರುವುದು ಬ್ರೇಕ್ ಲೈನಿಂಗಿನ ಮೇಲೆ. ಬ್ರೇಕು ತುಳಿದಾಗ ಲಾರಿ ಒಂದು ಕಡೆಗೆ ಎಳೆಯುವುದಕ್ಕೆ ಇದೂ ಒಂದು ಕಾರಣ.

ಜಾಕ್ ಹಾಕಿ ಅಲ್ಲಾಡಿಸಿ ನೋಡಿ

ಗುಮಾನಿ ಬಂದ ಮೇಲೆ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಲಾರಿ ಖಾಲಿ ಮಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಬೇಕು. ಹಿಂದಿನ ಗಾಲಿಗಳಿಗೆ ಕಲ್ಲು ಕೊಡಬೇಕು. ಮುಂದಿನ ಆಕ್ಸಲ್ ಅಡಿಗೆ ಜಾಕ್ ಹಾಕಿ, ಗಾಲಿ ನೆಲ ಬಿಟ್ಟ ಮೇಲೆ ಸ್ಟ್ಯಾಂಡೋ ಗಟ್ಟಿ ಮರದ ದಿಮ್ಮಿಯೋ ಕೊಡಬೇಕು. ಜಾಕ್ ಒಂದನ್ನೇ ನಂಬಿ ಅಡಿಗೆ ತೂರುವುದು ಜೀವದ ಜೊತೆ ಜೂಜು.

ಈಗ ಟೈರಿನ ಮೇಲ್ತುದಿಯನ್ನು ಒಂದು ಕೈಯಲ್ಲಿ, ಕೆಳತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ ನೋಡುವುದು. ಕೈಗೆ ತಿಳಿಯುವಷ್ಟು ಆಟ ಇದ್ದರೆ ಬೇರಿಂಗು ಸಡಿಲ, ಇಲ್ಲವೇ ಕಿಂಗ್ ಪಿನ್ ಬುಷ್ ಸವೆದಿದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಮಿಸ್ತ್ರಿಗಳ ಹತ್ತಿರ ಒಂದು ಸುಲಭ ಉಪಾಯವಿದೆ. ಇನ್ನೊಬ್ಬರು ಕ್ಯಾಬಿನ್ನಿಗೆ ಹತ್ತಿ ಬ್ರೇಕ್ ಪೆಡಲ್ ಒತ್ತಿ ಹಿಡಿಯಬೇಕು. ಏರ್ ಬ್ರೇಕ್ ಗಾಡಿಯಾದರೆ ಟ್ಯಾಂಕಿನಲ್ಲಿ ಗಾಳಿ ತುಂಬಿರಬೇಕು. ಬ್ರೇಕು ಒತ್ತಿದಾಗ ಡ್ರಮ್ಮು ಶೂಗಳಿಗೆ ಕಚ್ಚಿಕೊಂಡು ಹಬ್ಬೂ ಸ್ಟಬ್ ಆಕ್ಸಲ್ಲೂ ಒಂದೇ ಆಗಿಬಿಡುತ್ತವೆ. ಆಗ ಆಟ ನಿಂತುಹೋದರೆ ದೋಷ ಬೇರಿಂಗಿನದು. ಬ್ರೇಕು ಒತ್ತಿದರೂ ಆಟ ಹಾಗೇ ಇದ್ದರೆ ದೋಷ ಕಿಂಗ್ ಪಿನ್ನಿನದು.

ಟೈರಿನ ಎಡ ಬಲ ಅಂಚು ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಇಲ್ಲವೇ ಸ್ಟೇರಿಂಗ್ ಬಾಕ್ಸಿನ ಕಡೆ ನೋಡಬೇಕು. ಟೈರಿನ ಅಡಿಗೆ ಸಬ್ಬಲು ಕೊಟ್ಟು ಮೇಲಕ್ಕೆ ಎತ್ತಿದಾಗ ಗಾಲಿ ಎದ್ದು ಬಿದ್ದರೆ ಕಿಂಗ್ ಪಿನ್ನಿನ ಅಡಿಯ ಥ್ರಸ್ಟ್ ಬೇರಿಂಗು ಸವೆದಿದೆ.

ಕೊನೆಗೆ ಗಾಲಿಯನ್ನು ಕೈಯಿಂದ ತಿರುಗಿಸಿ ಬಿಟ್ಟು, ಇನ್ನೊಂದು ಕೈಯನ್ನು ಪಾಟಾದ ಮೇಲೆ ಇಟ್ಟುಕೊಳ್ಳಬೇಕು. ಒಳ್ಳೆಯ ಬೇರಿಂಗಾದರೆ ಸರಾಗ. ಕೆಟ್ಟದ್ದಾದರೆ ಬೀಸುಕಲ್ಲಿನಲ್ಲಿ ಮರಳು ಬಿದ್ದ ಹಾಗೆ ಜರಜರ ಎನ್ನುವುದು ಪಾಟಾದ ಮೂಲಕ ಅಂಗೈಗೆ ತಿಳಿಯುತ್ತದೆ. ಇದಕ್ಕೆ ಯಾವ ಮಿಷೀನೂ ಬೇಡ, ಕಂಪ್ಯೂಟರೂ ಬೇಡ.

ಬಿಗಿ ಮಾಡಿದರೆ ಮುಗಿಯಿತೇ?

ಆಟ ಕಂಡ ಕೂಡಲೇ ನಟ್ಟನ್ನು ಗಟ್ಟಿಯಾಗಿ ಬಿಗಿದು ‘ಆತು ಹೋಗ್ರಿ’ ಎನ್ನುವ ಅವಸರದ ಮಿಸ್ತ್ರಿಗಳೂ ಇದ್ದಾರೆ. ಅತಿಯಾಗಿ ಬಿಗಿದರೆ ರೋಲರುಗಳಿಗೆ ಉಸಿರಾಡಲು ಜಾಗವಿಲ್ಲ. ಕಾಯುತ್ತವೆ, ಗ್ರೀಸು ಕರಗುತ್ತದೆ, ಕೊನೆಗೆ ಕಚ್ಚಿಕೊಳ್ಳುತ್ತವೆ. ಗಾಲಿಯನ್ನು ತಿರುಗಿಸುತ್ತಲೇ ನಟ್ಟು ಬಿಗಿದು, ಕಂಪನಿ ಪುಸ್ತಕ ಹೇಳಿದಷ್ಟು ಹಿಂದಕ್ಕೆ ಬಿಟ್ಟು, ಆಮೇಲೆ ಲಾಕ್ ಮಾಡುವುದು ಸರಿಯಾದ ಕ್ರಮ. ಹಳೇ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕುವುದು, ಮುರಿದ ಲಾಕ್ ವಾಷರನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ಕಡಾಣಿಯಿಲ್ಲದೆ ಗಾಡಿ ಹೂಡಿದಂತೆ.

ಹಬ್ ಬಿಚ್ಚಿದ ಮೇಲೆ ಬೇರಿಂಗನ್ನು ತೊಳೆದು ಬೆಳಕಿಗೆ ಹಿಡಿದು ನೋಡಬೇಕು. ರೋಲರ್ ಮೇಲೆ ಸಣ್ಣ ಗುಳಿ, ಚಕ್ಕೆ ಎದ್ದ ಕಲೆ, ಇಲ್ಲವೇ ನೀಲಿ ಬಣ್ಣ ಕಂಡರೆ ಅದು ಗುಜರಿಗೆ. ನೀಲಿ ಎಂದರೆ ಉಕ್ಕು ಕಾದು ಹದ ಕಳೆದುಕೊಂಡಿದೆ ಎಂದರ್ಥ. ಒಳಗಿನ ಕೋನ್ ಮಾತ್ರ ಹೊಸದು ಹಾಕಿ ಹಬ್ಬಿನಲ್ಲಿ ಕೂತಿರುವ ಹಳೇ ಕಪ್ಪನ್ನು ಹಾಗೇ ಬಿಡುವುದು ಉಳಿತಾಯವೇನಲ್ಲ. ಹಳೇ ಕಪ್ಪಿನ ಗುಳಿಗಳು ಹೊಸ ರೋಲರನ್ನೂ ತಿಂದು ಹಾಕುತ್ತವೆ. ಸೀಲ್ ಅಂತೂ ಬಿಚ್ಚಿದಾಗಲೆಲ್ಲ ಹೊಸದೇ ಆಗಬೇಕು.

ಗ್ರೀಸು ಹಾಕುವುದರಲ್ಲೂ ಕ್ರಮವಿದೆ. ಹಬ್ ಕ್ಯಾಪಿನಲ್ಲಿ ಒಂದು ಮುದ್ದೆ ಮೆತ್ತಿದರೆ ಅದು ರೋಲರಿಗೆ ತಲುಪುವುದಿಲ್ಲ. ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು ಬೇರಿಂಗನ್ನು ಒತ್ತಿ ಒತ್ತಿ, ರೋಲರುಗಳ ಸಂದಿನಿಂದ ಮೇಲೆ ಬರುವವರೆಗೆ ತುಂಬಬೇಕು. ಜಾತಿ ಬೇರೆಯಾದ ಎರಡು ಗ್ರೀಸು ಬೆರೆಸಿದರೆ ಕೆಲವೊಮ್ಮೆ ತೆಳ್ಳಗಾಗಿ ಹರಿದು ಹೋಗುತ್ತದೆ. ಹಳೆಯದನ್ನು ಪೂರಾ ತೆಗೆದೇ ಹೊಸದು ಹಾಕುವುದು ಕ್ಷೇಮ.

ಈಚಿನ ಕೆಲವು ಗಾಡಿಗಳಲ್ಲಿ ಬೇರಿಂಗು, ಸೀಲು, ಗ್ರೀಸು ಎಲ್ಲ ಸೇರಿ ಒಂದೇ ಉಂಡೆಯಾಗಿ ಬರುತ್ತದೆ. ಅದನ್ನು ಬಿಚ್ಚಿ ಸರಿಮಾಡುವ ಹಾಗಿಲ್ಲ, ಕೆಟ್ಟರೆ ಇಡಿಯಾಗಿ ಬದಲಿಸಬೇಕು. ಆದರೆ ಸದ್ದು, ಬಿಸಿ, ಆಟ, ಈ ಮೂರು ಗುರುತು ಅದಕ್ಕೂ ತಪ್ಪಿದ್ದಲ್ಲ.

ಪಾಟಾ, ಯು ಬೋಲ್ಟು, ಶಾಕಪ್ಪು

ಮುಂದಿನ ಆಕ್ಸಲ್ ಲಾರಿಗೆ ಅಂಟಿಕೊಂಡಿರುವುದು ಪಾಟಾ ಕಟ್ಟಿನಿಂದ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ನಡುವೆ ಸೆಂಟರ್ ಬೋಲ್ಟು, ಅದನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟುಗಳು, ತುದಿಗಳಲ್ಲಿ ಶಾಕಲ್ ಪಿನ್ನು ಮತ್ತು ಬುಷ್ಷು.

ಲಾರಿ ಖಾಲಿಯಿದ್ದಾಗಲೂ ಒಂದು ಮಗ್ಗುಲಿಗೆ ವಾಲಿದ್ದರೆ ಆ ಕಡೆಯ ಪಾಟಾ ಕುಸಿದಿದೆ ಅಥವಾ ಮುರಿದಿದೆ. ಮುರಿದ ಜಾಗ ಹೊಳೆಯುತ್ತಿದ್ದರೆ ಹೊಸ ಮುರಿತ. ತುಕ್ಕು ಹಿಡಿದಿದ್ದರೆ ಆ ಲಾರಿ ಎಷ್ಟೋ ದಿನದಿಂದ ಮುರಿದ ಪಾಟಾದಲ್ಲೇ ಓಡಾಡಿದೆ. ನಟ್ಟಿನ ಸುತ್ತ ಕೆಂಪು ಪುಡಿ ಇಳಿದಿದ್ದರೆ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಅಂದರೆ ಬಿಗಿ ಸಡಿಲ. ಇದು ಯು ಬೋಲ್ಟಿಗೂ ಸರಿ, ಗಾಲಿಯ ನಟ್ಟಿಗೂ ಸರಿ.

ಯು ಬೋಲ್ಟು ಸಡಿಲವಾದರೆ ಭಾರವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗುತ್ತದೆ. ಆಗ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿಯುತ್ತದೆ. ನೇರ ರಸ್ತೆಯಲ್ಲೂ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ. ಪಾಟಾದ ಮುಂದಿನ ಪಿನ್ನಿನಿಂದ ಆಕ್ಸಲ್ಲಿಗೆ ಒಂದು ದಾರ ಹಿಡಿದು ಎರಡೂ ಕಡೆ ಅಳೆದರೆ ಗುಟ್ಟು ಬಯಲಾಗುತ್ತದೆ. ಹೊಸ ಪಾಟಾ ಹಾಕಿಸಿದ ಮೇಲೆ ಸ್ವಲ್ಪ ದಿನ ಓಡಿಸಿ, ಯು ಬೋಲ್ಟನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು. ಪಟ್ಟಿಗಳು ಒಂದಕ್ಕೊಂದು ಕೂತ ಮೇಲೆ ಬಿಗಿ ಇಳಿದಿರುತ್ತದೆ.

ಶಾಕ್ ಅಬ್ಸಾರ್ಬರಿಗೂ ಸುಲಭದ ಪರೀಕ್ಷೆ ಇದೆ. ಕೆಲಸ ಮಾಡುವ ಶಾಕಪ್ಪು ಗಾಡಿ ಓಡಿ ನಿಂತಾಗ ಬೆಚ್ಚಗಿರುತ್ತದೆ. ಒಂದು ಬೆಚ್ಚಗೆ, ಇನ್ನೊಂದು ತಣ್ಣಗೆ ಇದ್ದರೆ ತಣ್ಣಗಿರುವುದು ಸತ್ತಿದೆ. ಮೈತುಂಬ ಆಯಿಲ್ ಇಳಿದಿದ್ದರಂತೂ ಪರೀಕ್ಷೆಯೇ ಬೇಡ.

ಇನ್ನು ವಾಬ್ಲಿಂಗ್. ಒಂದು ವೇಗಕ್ಕೆ ಬಂದ ಕೂಡಲೇ ಮುಂದಿನ ಗಾಲಿಗಳು ಎಡಕ್ಕೆ ಬಲಕ್ಕೆ ಕುಣಿದು ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ವೇಗ ಇಳಿಸಿದರೆ ನಿಲ್ಲುತ್ತದೆ ಎಂದು ಡ್ರೈವರು ಸುಮ್ಮನಾಗುತ್ತಾರೆ. ಕಿಂಗ್ ಪಿನ್, ಟೈ ರಾಡ್ ಎಂಡ್, ಬೇರಿಂಗ್, ಗಾಲಿಯ ಬ್ಯಾಲೆನ್ಸ್, ಇವುಗಳಲ್ಲಿ ಒಂದಾದರೂ ಕೆಟ್ಟಿರುತ್ತದೆ. ವೇಗ ಇಳಿಸುವುದು ಅಂದಿನ ಮಟ್ಟಿಗೆ ಸರಿ, ಅದು ರಿಪೇರಿ ಅಲ್ಲ.

ಟೈರೇ ಸಾಕ್ಷಿ

ಇದೆಲ್ಲಕ್ಕೂ ಲಿಖಿತ ಸಾಕ್ಷಿ ಟೈರಿನ ಮೇಲಿದೆ. ಒಂದೇ ಅಂಚು ಸವೆದಿದ್ದರೆ ಕಿಂಗ್ ಪಿನ್ ಅಥವಾ ಬಗ್ಗಿದ ಆಕ್ಸಲ್ ಮೇಲೆ ಸಂಶಯ. ಗರಗಸದ ಹಲ್ಲಿನಂತೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಚೂಪು ಆಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಬೇರಿಂಗು ಸಡಿಲ, ಶಾಕಪ್ಪು ಸತ್ತಿದೆ, ಅಥವಾ ಬ್ಯಾಲೆನ್ಸ್ ಇಲ್ಲ. ಸವೆದ ಟೈರನ್ನು ಹಿಂದಕ್ಕೆ ಹಾಕಿ, ಮುಂದಕ್ಕೆ ಹೊಸದು ಹಾಕಿದರೆ ರೋಗ ಹೋಗಲಿಲ್ಲ. ರೋಗಕ್ಕೆ ಹೊಸ ಟೈರು ಬಲಿ ಕೊಟ್ಟಂತಾಯಿತು.

ಎರಡು ಬೇರಿಂಗು, ಒಂದು ಸೀಲು, ಗ್ರೀಸು, ಮಿಸ್ತ್ರಿಯ ಕೂಲಿ ಎಲ್ಲ ಸೇರಿದರೂ ಲಾರಿಯ ಒಂದು ಹೊಸ ಟೈರಿನಷ್ಟು ದುಡ್ಡಾಗುವುದಿಲ್ಲ. ಈ ಲೆಕ್ಕ ಮಾಲೀಕರಿಗೆ ಗೊತ್ತಿಲ್ಲವೆಂದಲ್ಲ. ಆದರೆ ಲಾರಿ ಒಂದು ದಿನ ನಿಂತರೆ ಬಾಡಿಗೆ ಹೋಯಿತು, ಕಂತು ತಪ್ಪಿತು ಎನ್ನುವ ಭಯ. ‘ಈ ಟ್ರಿಪ್ಪು ಮುಗೀಲಿ, ಬಂದ ಮೇಲೆ ನೋಡೋಣ’ ಎನ್ನುವ ಮಾತಿನ ಮೇಲೆ ಎಷ್ಟು ಲಾರಿಗಳು ಹೆದ್ದಾರಿಯಲ್ಲಿ ಓಡುತ್ತಿವೆಯೋ ದೇವರೇ ಬಲ್ಲ. ಆಯುಧಪೂಜೆಯ ದಿನ ಬಾಳೆಕಂಬ ಕಟ್ಟಿ, ಗಾಲಿಯಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯುವ ಭಕ್ತಿಗೆ ಕಮ್ಮಿಯಿಲ್ಲ. ಅದೇ ದಿನ ಹಬ್ ಕ್ಯಾಪ್ ಬಿಚ್ಚಿ ಒಳಗೂ ಒಮ್ಮೆ ನೋಡಿದರೆ ಪೂಜೆ ಪೂರ್ತಿಯಾದೀತು.

ಇನ್ನು ಇಪ್ಪತ್ತು ಮೂಟೆ ಹಾಕಪ್ಪ!

ತಪ್ಪೆಲ್ಲ ಲಾರಿಯವರದೇ ಎಂದರೆ ನ್ಯಾಯವಾಗದು. ‘ಹೆಂಗೂ ಹೋಗ್ತೀಯಲ್ಲ ತಮ್ಮ, ಇನ್ನೊಂದಿಪ್ಪತ್ತು ಮೂಟೆ ಹಾಕಿಕೊಂಡು ಹೋಗು’ ಎನ್ನುವ ವ್ಯಾಪಾರಸ್ಥರೂ ಇದರಲ್ಲಿ ಪಾಲುದಾರರು. ಎರಡು ಆಕ್ಸಲ್ಲಿನ, ಆರು ಗಾಲಿಯ ಲಾರಿಗೆ ಗಾಡಿಯ ತೂಕವೂ ಸೇರಿ 16.2 ಟನ್ ಇದ್ದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 18.5 ಟನ್ನಿಗೆ ಏರಿಸಿತು. ಮಿತಿ ಏರಿದ ಮೇಲೂ ಮಿತಿಯ ಮೇಲೆ ಹೇರುವ ಚಟ ಹೋಗಿಲ್ಲ.

ಬೇರಿಂಗಿನ ಆಯಸ್ಸಿಗೆ ಎಂಜಿನಿಯರುಗಳು ಹಾಕಿದ ಒಂದು ಲೆಕ್ಕವಿದೆ. ರೋಲರ್ ಬೇರಿಂಗಿನ ಮೇಲೆ ಭಾರ ಇಪ್ಪತ್ತು ಪರ್ಸೆಂಟ್ ಹೆಚ್ಚಾದರೆ ಆಯಸ್ಸು ಇಪ್ಪತ್ತು ಪರ್ಸೆಂಟ್ ಕಡಿಮೆಯಾಗುವುದಿಲ್ಲ, ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ! ಭಾರ ಎರಡು ಪಟ್ಟಾದರೆ ಆಯಸ್ಸು ಹತ್ತರಲ್ಲಿ ಒಂದು ಪಾಲು. ಮೂಟೆಗಳನ್ನು ಮುಂಭಾಗಕ್ಕೆ ಒತ್ತಿ ಹೇರಿದರೆ ಈ ಭಾರ ನೇರ ಮುಂದಿನ ಆಕ್ಸಲ್ಲಿಗೆ. ಬ್ರೇಕು ತುಳಿದಾಗ ಹಿಂದಿನ ಭಾರದಲ್ಲೂ ಒಂದಷ್ಟು ಮುಂದಕ್ಕೆ ಬರುತ್ತದೆ. ಇಪ್ಪತ್ತು ಮೂಟೆಯ ಬಾಡಿಗೆ ಉಳಿಯಿತು ಎಂದು ಲೆಕ್ಕ ಬರೆಯುವ ಅಂಗಡಿಯವರು ಈ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ.

ಗಾಲಿ ಕಳಚುವುದು ಹೀಗೆ

ಕೊನೆಯ ಹಂತ ಹೇಗಿರುತ್ತದೆ? ಗ್ರೀಸಿಲ್ಲದ ಬೇರಿಂಗಿನ ರೋಲರು ಪುಡಿಯಾಗುತ್ತದೆ. ಹಬ್ ಓರೆಯಾಗಿ ಸೀಲ್ ಹರಿಯುತ್ತದೆ. ಬೇರಿಂಗಿನ ಒಳಬಳೆ ಕಚ್ಚಿಕೊಂಡು ಸ್ಟಬ್ ಆಕ್ಸಲ್ಲಿನ ಮೇಲೇ ತಿರುಗಿ ಅದನ್ನು ಅರೆಯುತ್ತದೆ. ಲಾಕ್ ಮುರಿದು ನಟ್ಟು ಹೋಗುತ್ತದೆ, ಅದರ ಹಿಂದೆಯೇ ಹಬ್ಬು, ಡ್ರಮ್ಮು, ಗಾಲಿ ಸಮೇತ ಹೊರಬರುತ್ತದೆ. ಎಲ್ಲ ಸೇರಿ ನೂರು ಕೆಜಿಗೂ ಹೆಚ್ಚಿನ ಭಾರ. ಲಾರಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಕಳಚಿದ ಗಾಲಿಯೂ ಅದೇ ವೇಗದಲ್ಲಿ, ಅಂದರೆ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಉರುಳುತ್ತದೆ. ಅದಕ್ಕೆ ಬ್ರೇಕಿಲ್ಲ, ಹಾರನ್ನಿಲ್ಲ. ಎದುರಿಗೆ ಸಿಗುವುದು ಬೈಕಿನವನೋ, ಬಸ್ಸಿಗೆ ಕಾದು ನಿಂತವರೋ, ಹೆದ್ದಾರಿ ಬದಿಯ ಚಹಾದಂಗಡಿಯೋ, ಯಾರಿಗೆ ಗೊತ್ತು? ಇತ್ತ ಮೂರು ಮೂಲೆಯ ಮೇಲೆ ನಿಂತ ಲಾರಿಯ ಸ್ಟೇರಿಂಗು ಡ್ರೈವರನ ಮಾತು ಕೇಳುವುದಿಲ್ಲ. ಮರುದಿನ ಪತ್ರಿಕೆಯಲ್ಲಿ ಬರುವುದು ಮಾತ್ರ ‘ಚಾಲಕನ ನಿಯಂತ್ರಣ ತಪ್ಪಿ’!

ಕಾಯ್ದೆ ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಪ್ರಕಾರ ದೋಷವಿರುವ ಗಾಡಿಯನ್ನು ತಿಳಿದೂ ರಸ್ತೆಗಿಳಿಸಿದರೆ ಅಪರಾಧ. ಅಷ್ಟೇ ಅಲ್ಲ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದ ದೋಷವಾದರೂ ಅಪರಾಧವೇ. ಆ ದೋಷದಿಂದ ಅಪಘಾತವಾದರೆ ಶಿಕ್ಷೆ ಇನ್ನೂ ಹೆಚ್ಚು. ‘ನಮಗೆ ಗೊತ್ತಿರ್ಲಿಲ್ಲ ಸ್ವಾಮಿ’ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಅಂಗೈ ಒಡ್ಡಿ ಬಿಸಿ ನೋಡುವುದಕ್ಕಿಂತ ಸಾಮಾನ್ಯವಾದ ಎಚ್ಚರಿಕೆ ಇನ್ನಾವುದಿದೆ?

ಅದೇ ಕಾಯ್ದೆಯ 56ನೇ ಕಲಂ ಪ್ರಕಾರ ಎಫ್.ಸಿ. ಇಲ್ಲದ ಬಾಡಿಗೆ ಗಾಡಿಯ ರಿಜಿಸ್ಟ್ರೇಷನ್ನೇ ಊರ್ಜಿತವಲ್ಲ. 2018ರ ತಿದ್ದುಪಡಿಯಂತೆ ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕು. ಆದರೆ ಎಫ್.ಸಿ. ಎನ್ನುವುದು ಆ ಒಂದು ದಿನದ ಸರ್ಟಿಫಿಕೇಟು. ಪೇಂಟು ಬಳಿದು, ಲೈಟು ಹಾಕಿ, ರೇಡಿಯಂ ಅಂಟಿಸಿಕೊಂಡು ಹೋಗಿ ಬಂದ ಗಾಡಿಯ ಸೀಲು ಮರುವಾರವೇ ಹರಿಯಬಹುದು. ವರ್ಷದ 364 ದಿನ ಕಾಯಬೇಕಾದವರು ಮಾಲೀಕರು, ಡ್ರೈವರು, ಕ್ಲೀನರು.

ಬಸ್ಸಿನವರಿಗೂ ಒಂದು ಮಾತು

ಲಾರಿಯ ಸಮಾಚಾರ ನಮಗೇಕೆ ಎಂದು ಬಸ್ ಪ್ರಯಾಣಿಕರು ಅನ್ನಬಹುದು. ಪಾಟಾ ಇರುವ ಸಾದಾ ಬಸ್ಸಿನ ಮುಂಭಾಗಕ್ಕೂ ಲಾರಿಯ ಮುಂಭಾಗಕ್ಕೂ ಹೆಚ್ಚು ಭೇದವಿಲ್ಲ. ಅದೇ ಆಕ್ಸಲ್, ಅದೇ ಕಿಂಗ್ ಪಿನ್, ಅದೇ ಜಾತಿಯ ಬೇರಿಂಗು. ಹರಿಹರಕ್ಕೋ ಚಿತ್ರದುರ್ಗಕ್ಕೋ ದಿನಾ ಅದೇ ಬಸ್ಸಿನಲ್ಲಿ ಓಡಾಡುವವರಿಗೆ ಬಸ್ಸಿನ ಸದ್ದು ಮನೆಯ ಗಡಿಯಾರದಷ್ಟು ಪರಿಚಿತ. ಮುಂದಿನ ಸೀಟಿನ ಕಾಲಡಿಯಲ್ಲಿ ಹೊಸದಾಗಿ ಗುಂಯ್ ಎನ್ನುವುದು, ತಿರುವಿನಲ್ಲಿ ಅದು ಜೋರಾಗುವುದು, ನೇರ ರಸ್ತೆಯಲ್ಲೂ ಡ್ರೈವರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಎಳೆಯುತ್ತಲೇ ಇರುವುದು, ಸುಟ್ಟ ಗ್ರೀಸಿನ ವಾಸನೆ, ಇವು ಕಂಡರೆ ಸುಮ್ಮನೆ ಕೂರಬಾರದು. ಬಸ್ಸು ನಿಂತಾಗ ‘ಅಣ್ಣಾ, ಮುಂದಿನ ಗಾಲಿ ಯಾಕೋ ಸದ್ದು ಮಾಡ್ತೈತೆ, ಒಂದಿಷ್ಟು ನೋಡ್ರಿ’ ಎಂದು ಕಂಡಕ್ಟರಿಗೆ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಕೇಳಿದ ಕಂಡಕ್ಟರೂ ‘ನೀವೇನ್ ಮಿಸ್ತ್ರಿನಾ?’ ಎಂದು ಗದರುವುದನ್ನು ಬಿಟ್ಟು ಡ್ರೈವರಿಗೆ ತಿಳಿಸಿದರೆ ಐವತ್ತು ಜನರ ಪ್ರಾಣದ ಮಾತು.

ಅಂಗಡಿಯ ಮುಂದೆ ಲೋಡು ಇಳಿಸಲು ಬಂದ ಲಾರಿಗೂ ಇದೇ ಮಾತು ಅನ್ವಯ. ಹಮಾಲರು ಮೂಟೆ ಇಳಿಸುವ ಅರ್ಧ ಗಂಟೆಯಲ್ಲಿ ಡ್ರೈವರಿಗೆ ಒಂದು ಚಹಾ ಕೊಟ್ಟು, ‘ಗಾಲಿ ಬಿಸಿ ನೋಡಿದ್ರಾ?’ ಎಂದು ಕೇಳಿದರೆ ಅಂಗಡಿಯವರ ದೊಡ್ಡಸ್ತಿಕೆಗೆ ಕುಂದೇನೂ ಇಲ್ಲ. ಆ ಲಾರಿ ಹೊರಡುವುದು ಅವರ ಮಕ್ಕಳು ಸ್ಕೂಲಿಗೆ ಹೋಗುವ ರಸ್ತೆಯಲ್ಲೇ.

ಲಾರಿ ಮಾಲೀಕರ ಸಂಘಗಳು, ಎ.ಪಿ.ಎಂ.ಸಿ. ವರ್ತಕರು, ಸಾರಿಗೆ ಇಲಾಖೆಯವರು ಸೇರಿ ತಿಂಗಳಿಗೊಂದು ದಿನ ಮಾರುಕಟ್ಟೆಯ ಆವರಣದಲ್ಲೇ ಒಬ್ಬ ನುರಿತ ಮಿಸ್ತ್ರಿಯನ್ನು ಕೂರಿಸಿ, ಬಂದ ಲಾರಿಗಳ ಮುಂದಿನ ಗಾಲಿ ಎತ್ತಿ ನೋಡುವ ವ್ಯವಸ್ಥೆ ಮಾಡಿದರೆ ಖರ್ಚು ದೊಡ್ಡದಲ್ಲ. ಬೇಕಾಗುವುದು ಒಂದು ಜಾಕು, ಎರಡು ದಿಮ್ಮಿ, ಒಂದು ಸಬ್ಬಲು. ಹೊಸ ಕ್ಲೀನರ್ ಹುಡುಗರಿಗೆ ಅದೇ ಪಾಠಶಾಲೆಯೂ ಆದೀತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?